ಎರಡು ನಿಮಿಷದ ದಾರಿ

ನಾನಿರುವ ಕ್ವೀನ್ಸ್‌ಬರಿಗೆ ಹೇಳಿಕೊಳ್ಳುವಂಥ ಹಳೆಯ ಚರಿತ್ರೆಯೇನೂ ಇಲ್ಲ. ಹೆಸರಿನಲ್ಲಿ ರಾಣಿಯಿದ್ದಾಳೆ, ಊರಿನಲ್ಲಿ ಎಲ್ಲಿ ಹುಡುಕಿದರೂ ಇಲ್ಲ. 1934ರ ಡಿಸೆಂಬರಿನಲ್ಲಿ ಇಲ್ಲೊಂದು ರೈಲು ನಿಲ್ದಾಣ ತೆರೆದಾಗ ಅದಕ್ಕೊಂದು ಹೆಸರು ಬೇಕಾಯಿತು. ಪತ್ರಿಕೆಯಲ್ಲಿ ಸ್ಪರ್ಧೆ ಇಟ್ಟರು. ಪಕ್ಕದ ನಿಲ್ದಾಣ ಕಿಂಗ್ಸ್‌ಬರಿ. ರಾಜನಿದ್ದ ಮೇಲೆ ಜೊತೆಗೊಬ್ಬ ರಾಣಿಯೂ ಇರಲಿ ಎಂದು ಕ್ವೀನ್ಸ್‌ಬರಿ ಆಯಿತು. ಗಂಡನ ಕಡೆಯಿಂದ ಹೆಸರು ಪಡೆದ ಊರು ಎಂದು ನನ್ನ ಹೆಂಡತಿ ಆಗಾಗ ಕುಟುಕುತ್ತಾಳೆ. ಜ್ಯೂಬಿಲಿ ಲೈನಿನ ರೈಲು ಈ ರಾಣಿಯಿಂದ ಆ ರಾಜನನ್ನು ಮುಟ್ಟಲು ತೆಗೆದುಕೊಳ್ಳುವುದು ಸುಮಾರು ಎರಡು ನಿಮಿಷ. ಕಿಂಗ್ಸ್‌ಬರಿ ರಸ್ತೆಯ ಗುಜರಾತಿ ಅಂಗಡಿಗಳಿಗೆ ಕರಿಬೇವು, ಬೆಂಡೆಕಾಯಿ ತರಲು ಹೋಗುವಾಗ ಸೀಟು ಹುಡುಕುವ ಗೋಜಿಗೇ ಹೋಗುವುದಿಲ್ಲ. ಫೋನ್ ತೆಗೆದು ಒಂದು ಸುದ್ದಿಯ ತಲೆಬರಹ ಓದುವಷ್ಟರಲ್ಲಿ ಇಳಿಯಬೇಕು.

ಇದೇ ಎರಡು ನಿಮಿಷವನ್ನು ವಿಮಾನವೊಂದರ ವೇಳಾಪಟ್ಟಿಯಲ್ಲಿ ಕಂಡಾಗ ಮುದ್ರಣದೋಷ ಎಂದುಕೊಂಡೆ. ಸ್ಕಾಟ್‌ಲೆಂಡಿನ ಉತ್ತರ ತುದಿಯನ್ನೂ ದಾಟಿದ ಮೇಲೆ ಸಮುದ್ರದಲ್ಲಿ ಚದುರಿಕೊಂಡಿರುವ ಆರ್ಕ್‌ನಿ ದ್ವೀಪಗಳಲ್ಲಿ ವೆಸ್ಟ್‌ರೇ ಎಂಬುದೊಂದು, ಪಾಪಾ ವೆಸ್ಟ್‌ರೇ ಎಂಬುದೊಂದು. ಎರಡಕ್ಕೂ ಒಂದೊಂದು ವಿಮಾನ ನಿಲ್ದಾಣ. ನಡುವಿನ ದೂರ 2.7 ಕಿಲೋಮೀಟರ್. ಲೋಗನ್‌ಏರ್ ಸಂಸ್ಥೆ 1967ರಿಂದ ಇಲ್ಲಿ ವಿಮಾನ ಓಡಿಸುತ್ತಿದೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ ಎಂದು ಹಾಕಿದ್ದರೂ ಗಾಳಿ ಅನುಕೂಲವಾಗಿದ್ದರೆ ಒಂದೂವರೆ ನಿಮಿಷವೂ ಬೇಡ. ಲೋಕದ ಅತಿ ಚಿಕ್ಕ ನಿಗದಿತ ವಿಮಾನಯಾನ ಇದೇ. ಎಡಿನ್‌ಬರ ವಿಮಾನ ನಿಲ್ದಾಣದ ರನ್‌ವೇಯ ಉದ್ದವೂ ಹೆಚ್ಚು ಕಡಿಮೆ ಇಷ್ಟೇ ಎನ್ನುತ್ತಾರೆ. ಅಂದರೆ ದೊಡ್ಡ ಊರಿನ ವಿಮಾನ ನೆಲದ ಮೇಲೆ ಓಡುವಷ್ಟು ಜಾಗದಲ್ಲಿ ಇಲ್ಲಿನದು ಏರಿ, ಹಾರಿ, ಇಳಿದೂ ಬಿಡುತ್ತದೆ.

'ಪಾಪಾ' ಎನ್ನುವ ಹೆಸರು ಕೇಳಿ ನಮ್ಮ ಕನ್ನಡದ ಕಿವಿಗೆ ಅಯ್ಯೋ ಪಾಪ ಅನ್ನಿಸುವುದು ಸಹಜ. ಅಲ್ಲಿಯದು ಬೇರೆ ಅರ್ಥ: ಹಿಂದೆ ಅಲ್ಲಿದ್ದ ಕ್ರೈಸ್ತ ಸನ್ಯಾಸಿಗಳನ್ನು ಉತ್ತರದ ನಾವಿಕರು ಕರೆದ ಹೆಸರು ಅದು. ಈಗ ಅಲ್ಲಿರುವವರು ತೊಂಬತ್ತರ ಆಸುಪಾಸಿನ ಜನ. ನಮ್ಮ ಕಡೆಯ ಒಂದು ಮದುವೆಮನೆಯ ಒಂದು ಪಂಕ್ತಿಗೂ ಸಾಲದು. ಅಷ್ಟು ಜನಕ್ಕೆ ವಿಮಾನವೇ ಎಂದು ಹುಬ್ಬೇರಿಸುವವರಿದ್ದಾರೆ. ಆ ಮಾತಿಗೆ ಮುಂದೆ ಬರುತ್ತೇನೆ.

ಸ್ಟುವರ್ಟ್ ಲಿಂಕ್‌ಲೇಟರ್ ಎಂಬ ಪೈಲಟ್ ಈ ಹಾದಿಯನ್ನು 53 ಸೆಕೆಂಡಿನಲ್ಲಿ ದಾಟಿದ ದಾಖಲೆಯಿದೆ. ಲೆಕ್ಕ ಹಾಕಿದರೆ ಗಂಟೆಗೆ 183 ಕಿಲೋಮೀಟರ್ ವೇಗ. ವಿಮಾನಕ್ಕೆ ಅದೇನೂ ದೊಡ್ಡದಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಅಂಕಿ. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಇದೇ ಹಾದಿಯಲ್ಲಿ 12,000ಕ್ಕೂ ಹೆಚ್ಚು ಸಲ ಹಾರಿದ್ದರು. ಹನ್ನೆರಡು ಸಾವಿರವನ್ನು 2.7ರಿಂದ ಗುಣಿಸಿ: 32,400 ಕಿಲೋಮೀಟರ್. ಭೂಮಿಗೆ ಒಂದು ಸುತ್ತು ಬರಲೂ ಸಾಲದು. ಲಂಡನ್ನಿನಿಂದ ಬೆಂಗಳೂರಿಗೆ ನೇರ ಸುಮಾರು 8,000 ಕಿಲೋಮೀಟರ್. ನಾನು ಎರಡು ಸಲ ಊರಿಗೆ ಹೋಗಿಬಂದರೆ ಆ ಪೈಲಟ್ ಇಡೀ ವೃತ್ತಿಜೀವನದಲ್ಲಿ ಆ ಹಾದಿಯ ಮೇಲೆ ಕ್ರಮಿಸಿದಷ್ಟು ದೂರ ಆಗಿಬಿಡುತ್ತದೆ, ಅದೂ ನಿದ್ದೆ ಮಾಡುತ್ತ, ಸಿನಿಮಾ ನೋಡುತ್ತ. ದೂರ ಎನ್ನುವುದನ್ನು ಕಿಲೋಮೀಟರಿನಲ್ಲಿ ಅಳೆಯುವವರು ಯಾವುದೋ ಒಂದನ್ನು ಬಿಟ್ಟು ಅಳೆಯುತ್ತಿದ್ದಾರೆ ಎಂದು ಆಗಲೇ ಅನ್ನಿಸಿತು.

ವಿಮಾನಕ್ಕೂ ನಮ್ಮ ಬಡಾವಣೆಗೂ ಹಳೆಯ ನಂಟೊಂದಿದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಸ್ಟ್ಯಾಗ್ ಲೇನಿನಲ್ಲಿ ಡಿ ಹ್ಯಾವಿಲಂಡ್ ಕಂಪನಿಯ ಕಾರ್ಖಾನೆ ಮತ್ತು ಹಾರುಬಯಲು ಇತ್ತು. 1930ರಲ್ಲಿ ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹಾರಿದ ಏಮಿ ಜಾನ್ಸನ್ ವಿಮಾನ ಬಿಡಲು ಕಲಿತದ್ದು ಇಲ್ಲೇ. ಆಮೇಲೆ ಆ ಬಯಲನ್ನು ಮನೆಗಳು ತುಂಬಿಕೊಂಡವು. ಡಿ ಹ್ಯಾವಿಲಂಡ್ ರೋಡ್, ಮಾಲಿಸನ್ ವೇ ಎಂಬ ಬೀದಿಯ ಹೆಸರುಗಳಷ್ಟೇ ಉಳಿದವು. ಸ್ಟ್ಯಾಗ್ ಲೇನಿನಲ್ಲಿ ತಯಾರಾಗುತ್ತಿದ್ದ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲೇ ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಅಂಚೆ ಚೀಲ ತಂದದ್ದು. ಮುಂದಿನ ಹಾದಿಯಲ್ಲಿ ನೆವಿಲ್ ವಿನ್ಸೆಂಟ್ ಅದನ್ನು ಮದರಾಸಿಗೆ ಒಯ್ದರು, ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಕನ್ನಡನಾಡಿನ ಮೊದಲ ವಿಮಾನದ ಅಂಚೆ ಇಳಿದ ನೆಲಕ್ಕೂ ನಾನು ದಿನಾ ಕಸದ ಡಬ್ಬಿ ಹೊರಗಿಡುವ ಬೀದಿಗೂ ಹೀಗೊಂದು ದಾರ ಕಟ್ಟಿದೆ ಎನ್ನುವುದು ತಿಳಿದ ದಿನ ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳಿದೆ. ಮೂವರಿಗೆ ಆಸಕ್ತಿ ಇರಲಿಲ್ಲ.

ಆದರೆ ಆರ್ಕ್‌ನಿಯ ಆ ಎರಡು ನಿಮಿಷ ನನ್ನ ತಲೆಯಲ್ಲಿ ಕೂತದ್ದು ಈ ಕಾರಣಕ್ಕಲ್ಲ. ನಾನು ಹುಟ್ಟಿದ್ದು ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ತುಮರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಶರಾವತಿಯ ಹಿನ್ನೀರಿನ ಆಚೆ. ಸಿಗಂದೂರು ಚೌಡೇಶ್ವರಿ ಎಂದರೆ ಈಗ ಎಲ್ಲರಿಗೂ ಗೊತ್ತು. ಆ ದೇವಸ್ಥಾನಕ್ಕೆ ಹೋಗುವವರು ಅಂಬಾರಗೋಡ್ಲು ಕಡೆಯ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ, ಕಳಸವಳ್ಳಿಯ ಕಡೆ ಇಳಿದು, ಫೋಟೋ ಹೊಡೆದುಕೊಂಡು, ಎಷ್ಟು ಚೆಂದದ ಜಾಗ ಎನ್ನುತ್ತಿದ್ದರು. ಚೆಂದವೇನೋ ಹೌದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ನಮ್ಮ ಅಜ್ಜನ ಗದ್ದೆ ಹೋದದ್ದು ಆ ಚೆಂದದ ಅಡಿಗೆ. ನಮ್ಮ ಕಡೆ ಇದಕ್ಕೆ ಒಂದೇ ಪದ: ಮುಳುಗಡೆ. ಮುಳುಗಡೆಗೆ ಮೊದಲು, ಮುಳುಗಡೆಯ ಮೇಲೆ ಎಂದೇ ಹಿರಿಯರು ವರ್ಷ ಎಣಿಸುತ್ತಿದ್ದರು. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆ ಬೆಳಕು ಬೆಂಗಳೂರಿಗೆ ಹೋಯಿತು, ಹಿನ್ನೀರಿನ ಹಳ್ಳಿಗಳಲ್ಲಿ ಚಿಮಣಿ ಬುಡ್ಡಿ ಉರಿಯುತ್ತಿತ್ತು. ಇಲ್ಲಿನ ಸ್ನೇಹಿತರಿಗೆ ಇದನ್ನೆಲ್ಲ ವಿವರಿಸಿ ಸೋತಾಗ, ನಾ. ಡಿಸೋಜರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿಯವರು ಮಾಡಿದ 'ದ್ವೀಪ' ಸಿನಿಮಾ ನೋಡಿ ಎಂದುಬಿಡುತ್ತೇನೆ.

ಹೊಳೆಬಾಗಿಲಿನಿಂದ ಆಚೆ ದಡ ಎರಡೂಕಾಲು, ಎರಡೂವರೆ ಕಿಲೋಮೀಟರ್. ವೆಸ್ಟ್‌ರೇಗೂ ಪಾಪಾ ವೆಸ್ಟ್‌ರೇಗೂ ಇರುವ ಅಂತರಕ್ಕಿಂತ ತುಸು ಕಡಿಮೆ. ಲಾಂಚ್ ಇದ್ದರೆ ಹತ್ತಿಪ್ಪತ್ತು ನಿಮಿಷ. ಲಾಂಚ್ ಇದ್ದರೆ ಎನ್ನುವುದೇ ಮಾತು. ಸಂಜೆ ಆರರ ಸುಮಾರಿಗೆ ಕೊನೆಯ ಲಾಂಚ್ ಹೋದರೆ ಮುಗಿಯಿತು, ನಾಳೆ ಬೆಳಗಾಗಬೇಕು. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವುದಿಲ್ಲ. ಬಿಟ್ಟರೆ ಹೊಸನಗರ, ನಿಟ್ಟೂರು ಸುತ್ತಿಕೊಂಡು ಎಂಬತ್ತು ಕಿಲೋಮೀಟರ್‌ಗೂ ಮಿಕ್ಕಿದ ಕಾಡುದಾರಿ. ಹಾಗಾಗಿ ನಮ್ಮೂರಲ್ಲಿ 'ಎಷ್ಟು ದೂರ' ಎಂದು ಯಾರೂ ಕೇಳುತ್ತಿರಲಿಲ್ಲ. 'ಎಷ್ಟು ಗಂಟೆಯ ಲಾಂಚಿಗೆ' ಎಂದು ಕೇಳುತ್ತಿದ್ದರು. ಸಾಗರದ ಕಾಲೇಜಿನಲ್ಲಿ ಓದುವಾಗ ಮಧ್ಯಾಹ್ನ ಮೂರರ ಮೇಲೆ ಪಾಠ ನನ್ನ ತಲೆಗೆ ಇಳಿದದ್ದೇ ಇಲ್ಲ. ಕಣ್ಣು ಗೋಡೆಯ ಗಡಿಯಾರದ ಮೇಲೆ, ಮನಸ್ಸು ಹೊಳೆಬಾಗಿಲಿನಲ್ಲಿ.

2009ರ ಜುಲೈಯಲ್ಲಿ ಅಪ್ಪಯ್ಯನಿಗೆ ಜೋರಾಗಿದೆ ಎಂದು ಫೋನ್ ಬಂತು. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಇನ್ನು ಅಲ್ಲಿ ಮಾಡುವುದೇನೂ ಇಲ್ಲ ಎಂದು ಅವರೇ ಹಟ ಹಿಡಿದು ಬಂದಿದ್ದರಂತೆ. ಮರುದಿನದ ವಿಮಾನ ಸಿಕ್ಕಿತು. ಮುಂಬಯಿ ಮೇಲೆ ಬಂದು ಬೆಂಗಳೂರಿನಲ್ಲಿ ಇಳಿದಾಗ ಬೆಳಿಗ್ಗೆ ಹತ್ತು ಗಂಟೆ. ಟ್ಯಾಕ್ಸಿ. ತುಮಕೂರಿನವರೆಗೆ ಬಿಸಿಲು, ಶಿವಮೊಗ್ಗದಿಂದಾಚೆ ಮಳೆ ಎಂದರೆ ಮಳೆ. ಆನಂದಪುರದ ಹತ್ತಿರ ಮರ ಬಿದ್ದು ಒಂದು ತಾಸು ನಿಂತೆವು. ಹೊಳೆಬಾಗಿಲು ಮುಟ್ಟಿದಾಗ ರಾತ್ರಿ ಏಳೂಮುಕ್ಕಾಲು. ಲಾಂಚ್ ಆಚೆ ದಡದಲ್ಲಿ ಕಟ್ಟಿತ್ತು. ತೀರಾ ತುರ್ತು ಇದ್ದರೆ, ಹೆರಿಗೆ ಗಿರಿಗೆ ಅಂದರೆ, ಕಾಡಿ ಬೇಡಿ ಲಾಂಚ್ ತರಿಸುವುದು ಇತ್ತು. ಲಂಡನ್ನಿನಿಂದ ಮಗ ಬಂದಿದ್ದಾನೆ ಎನ್ನುವುದು ಆ ಪಟ್ಟಿಯಲ್ಲಿಲ್ಲ, ಇರಬೇಕೆಂದು ನಾನೂ ಹೇಳಲಾರೆ. ಆ ಮಳೆಯಲ್ಲಿ, ಆ ಗಾಳಿಯಲ್ಲಿ ಲಾಂಚಿನವರೂ ಮನುಷ್ಯರೇ.

ಸಿಗ್ನಲ್ ಸಿಕ್ಕಾಗ ಅಮ್ಮ ಹೇಳಿದಳು: "ಸುತ್ತು ಹಾಕಿ ಬಾ ಮಗಾ. ಅವಸರ ಮಾಡಬೇಡ. ಡ್ರೈವರಿಗೆ ಒಂದು ಚಾ ಕುಡಿಸು." ಕಾರು ತಿರುಗಿಸುವ ಮೊದಲು ಒಂದು ಕ್ಷಣ ದಡದಲ್ಲಿ ನಿಂತಿದ್ದೆ. ಆಚೆ ಒಂದೆರಡು ದೀಪ ಕಾಣುತ್ತಿತ್ತು. ನಮ್ಮ ಮನೆಯದಲ್ಲ, ಆದರೂ ನಮ್ಮ ಕಡೆಯದು. ಮನೆ ಸೇರಿದಾಗ ರಾತ್ರಿ ಹನ್ನೆರಡೂವರೆ. ಅಪ್ಪಯ್ಯ ಒಂಬತ್ತೂ ಹತ್ತಕ್ಕೆ ಹೋಗಿದ್ದರು. ಎಂಟು ಸಾವಿರ ಕಿಲೋಮೀಟರಿಗೆ ತಗುಲಿದ್ದು ಒಂದು ಹಗಲು ಒಂದು ರಾತ್ರಿ. ಕೊನೆಯ ಎರಡೂವರೆ ಕಿಲೋಮೀಟರಿಗೆ ಐದು ಗಂಟೆ. ಅಂದಿನಿಂದ ಯಾರಾದರೂ 'ಲಂಡನ್ನಿನಿಂದ ಊರಿಗೆ ಹತ್ತು ಗಂಟೆ ಅಷ್ಟೇ' ಎಂದರೆ ನಾನು ಹೂಂ ಎನ್ನುವುದಿಲ್ಲ.

ಆರ್ಕ್‌ನಿಗೆ ಹೋಗಬೇಕು ಎಂದು ಹಟ ಹಿಡಿದವನು ನಾನೇ. ಕೋವಿಡ್ ಬರುವ ಹಿಂದಿನ ವರ್ಷ, 2019ರ ಮೇ ತಿಂಗಳು. ಮಗಳಿಗೆ ಆಗ ಹನ್ನೊಂದು. "ಎರಡು ನಿಮಿಷ ಹಾರುವುದಕ್ಕೆ ಎರಡು ದಿನ ಪ್ರಯಾಣವೇ?" ಎಂದು ಹೆಂಡತಿ ಕೇಳಿದಳು, ನ್ಯಾಯವಾದ ಪ್ರಶ್ನೆ. ಕ್ವೀನ್ಸ್‌ಬರಿಯಿಂದ ಕರ್ಕ್‌ವಾಲಿಗೆ ನೇರ ಗೆರೆ ಎಳೆದರೆ ಸುಮಾರು 850 ಕಿಲೋಮೀಟರ್, ಆದರೆ ನಡುವೆ ವಿಮಾನ ಬದಲಿಸಬೇಕು. ಕರ್ಕ್‌ವಾಲಿನಿಂದ ಮುಂದಕ್ಕೆ ಹೋಗುವುದು ಬ್ರಿಟನ್-ನಾರ್ಮನ್ ಐಲ್ಯಾಂಡರ್ ಎಂಬ ಗೇಣುದ್ದದ ವಿಮಾನ. ಎಂಟು ಜನ ಪ್ರಯಾಣಿಕರು. ಜನ ಹೆಚ್ಚಿದ್ದರೆ ಒಬ್ಬರು ಪೈಲಟ್ಟಿನ ಪಕ್ಕದಲ್ಲೇ ಕೂರುತ್ತಾರೆ. ನಮ್ಮೂರಿನ ಟೆಂಪೋದಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಇರುವ ಜಗಳ ಇಲ್ಲಿಯೂ ಇದೆ. ಆ ಜಗಳ ಮಗಳು ಗೆದ್ದಳು.

ಕರ್ಕ್‌ವಾಲಿನಿಂದ ವೆಸ್ಟ್‌ರೇಗೆ ಕಾಲು ಗಂಟೆ. ಅಲ್ಲಿ ಇಬ್ಬರು ಇಳಿದರು, ಒಬ್ಬರು ಹತ್ತಿದರು, ಒಂದು ರಟ್ಟಿನ ಪೆಟ್ಟಿಗೆ ಹತ್ತಿತು. ಆಮೇಲೆ ಆ ಎರಡು ನಿಮಿಷ. ನೆಲ ಬಿಟ್ಟದ್ದು ತಿಳಿಯುವಷ್ಟರಲ್ಲಿ ಕೆಳಗೆ ಹಸಿರು ಬಣ್ಣದ ನೀರು; ನೀರಿನ ನಡುವೆ ಬಂದೆವೆನ್ನುವಷ್ಟರಲ್ಲಿ ಎದುರಿಗೆ ಹುಲ್ಲುಗಾವಲು, ಕುರಿಗಳು, ಗಾಳಿಚೀಲ. ಮಗಳು ಫೋನಿನಲ್ಲಿ ಸಮಯ ಹಿಡಿದಿದ್ದಳು: ಒಂದು ನಿಮಿಷ ನಲವತ್ತು ಸೆಕೆಂಡು. "ಅಪ್ಪಾ, ಕಿಂಗ್ಸ್‌ಬರಿಗಿಂತ ಬೇಗ" ಎಂದಳು. ನಾನೇನೂ ಹೇಳಲಿಲ್ಲ. ಆ ನೀರಿನ ಅಗಲ ನನಗೆ ಅಳತೆ ಮಾಡದೆ ಗೊತ್ತಿತ್ತು. ಕಣ್ಣು ಮುಚ್ಚಿ ಹೇಳಬಲ್ಲೆ, ಆಚೆ ದಡದ ಮನುಷ್ಯ ಎಷ್ಟು ದೊಡ್ಡವನಾಗಿ ಕಾಣುತ್ತಾನೆ, ಕೂಗು ಕೇಳುತ್ತದೆಯೇ ಇಲ್ಲವೇ.

ಇಳಿದಲ್ಲಿ ಒಂದು ಸಣ್ಣ ಕಟ್ಟಡ, ಅಗ್ನಿಶಾಮಕದವರ ಅಂಗಿ ತೊಟ್ಟ ಊರಿನವರೇ ಇಬ್ಬರು. ನಮ್ಮ ಜೊತೆ ಬಂದ ಹೆಂಗಸಿಗೆ ಅರವತ್ತು ದಾಟಿರಬೇಕು. ಕರ್ಕ್‌ವಾಲಿನಲ್ಲಿ ಹಲ್ಲು ತೋರಿಸಿಕೊಂಡು ಬಂದಿದ್ದರು. ದಾಖಲೆಯ ವಿಮಾನ ಹತ್ತಲು ಬಂದವರೇ ನೀವೂ, ಎಂದು ನಕ್ಕರು. ನನ್ನಂಥವರು ಅವರಿಗೆ ಹೊಸಬರಲ್ಲ, ಹತ್ತಿಳಿದವರಿಗೆ ಪ್ರಮಾಣಪತ್ರವನ್ನೂ ಕೊಡುತ್ತಾರೆ. "ನಮಗೆ ಇದು ಬಸ್ಸು" ಎಂದರು. ಮಕ್ಕಳಿಗೆ ಪಾಠ ಹೇಳುವ ಮೇಷ್ಟರು, ನರ್ಸು, ಡಾಕ್ಟರು, ಆಸ್ಪತ್ರೆಗೆ ಹೋಗುವ ಮುದುಕರು ಎಲ್ಲ ಇದರಲ್ಲೇ ಬಂದು ಹೋಗುತ್ತಾರಂತೆ. ದೋಣಿಯೂ ಇದೆ, ಅರ್ಧ ಗಂಟೆಯೊಳಗೆ ದಾಟಿಸುತ್ತದೆ. "ಆದರೆ ಮಂಜು ಕವಿಯಿತೋ, ನಿಮ್ಮ ಎರಡು ನಿಮಿಷ ಎರಡು ದಿನವಾದರೂ ಆದೀತು." ಇದನ್ನು ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ಮಳೆಗಾಲದಲ್ಲಿ ನಮ್ಮ ಅಮ್ಮ ಲಾಂಚಿನ ವಿಷಯ ಹೇಳುತ್ತಿದ್ದ ದನಿ ಅದೇ.

ಮಧ್ಯಾಹ್ನ ನ್ಯಾಪ್ ಆಫ್ ಹೋವರ್ ಎಂಬಲ್ಲಿಗೆ ನಡೆದೆವು. ಸಮುದ್ರದ ಅಂಚಿನಲ್ಲಿ ಎರಡು ಕಲ್ಲಿನ ಮನೆಗಳು; ಕ್ರಿಸ್ತನಿಗೂ ಸುಮಾರು 3,700 ವರ್ಷ ಹಿಂದಿನವು, ಉತ್ತರ ಯುರೋಪಿನಲ್ಲಿ ನಿಂತಿರುವ ಮನೆಗಳಲ್ಲಿ ಅತಿ ಹಳೆಯವು ಎನ್ನುತ್ತಾರೆ. ಗೋಡೆಯಲ್ಲಿ ಕಲ್ಲಿನ ಗೂಡು ಕೂಡ ಹಾಗೇ ಇದೆ. ಗ್ರೇಟ್ ಆಕ್ ಎಂಬ ಹಾರಲಾರದ ದೊಡ್ಡ ಹಕ್ಕಿಯ ಸಂತತಿ ಈ ದ್ವೀಪಗಳಲ್ಲಿ ಕೊನೆಯಾದದ್ದೂ ಇಲ್ಲೇ, 1813ರಲ್ಲಿ ಒಬ್ಬರ ಗುಂಡಿಗೆ. ಹಾರಲಾಗದ ಹಕ್ಕಿ ಸತ್ತ ಊರಿಗೆ ಲೋಕದ ಅತಿ ಪುಟ್ಟ ಹಾರಾಟ ಬಂತು ಎಂದು ಮಗಳು ಶಾಲೆಯ ಪ್ರಬಂಧದಲ್ಲಿ ಬರೆದಳು. ನನಗಿಂತ ಚೆನ್ನಾಗಿ ಬರೆಯುತ್ತಾಳೆ.

ಈಗ ಹುಬ್ಬೇರಿಸುವವರ ಮಾತಿಗೆ ಬರುತ್ತೇನೆ. ಇಷ್ಟು ಚಿಕ್ಕ ಹಾದಿಗೆ, ಇಷ್ಟು ಕಡಿಮೆ ಜನಕ್ಕೆ, ವಿಮಾನ ಲಾಭದಲ್ಲಿ ನಡೆಯುವುದು ಸಾಧ್ಯವಿಲ್ಲ. ಆರ್ಕ್‌ನಿಯ ಕೌನ್ಸಿಲ್ ಹಣ ತುಂಬಿ ನಡೆಸುತ್ತದೆ. ಲಂಡನ್ನಿನ ಊಟದ ಮೇಜಿನಲ್ಲಿ ಇದನ್ನು ಹೇಳಿದರೆ ಯಾರಾದರೊಬ್ಬರು 'ದುಂದು' ಎನ್ನುತ್ತಾರೆ. ಅವರಿಗೆ ನಾನು ನಮ್ಮೂರಿನ ಲೆಕ್ಕ ಕೊಡುತ್ತೇನೆ. ತೊಂಬತ್ತು ಜನ ಆ ನಡುಗಡ್ಡೆಯಲ್ಲಿ ಉಳಿಯಬೇಕೆಂದು ಒಂದು ಸರ್ಕಾರ 1967ರಿಂದ ರೆಕ್ಕೆ ಹಚ್ಚಿಕೊಟ್ಟಿದೆ. ನಮ್ಮ ಕಡೆ ಸಾವಿರಾರು ಜನರ ಸುತ್ತ ನೀರು ನಿಲ್ಲಿಸಿದ್ದು 1964ರಲ್ಲಿ. ಸೇತುವೆ ಬಂದದ್ದು 2025ರಲ್ಲಿ. ಮುಳುಗಡೆಯ ವರ್ಷ ಹತ್ತು ವಯಸ್ಸಿನ ಹುಡುಗ ಸೇತುವೆ ದಾಟುವಾಗ ಎಪ್ಪತ್ತೊಂದರ ಮುದುಕ. ದುಂದು ಯಾವುದು ಎಂದು ಹೇಳಿ. ಪಾಪಾದವರಿಗೆ ಸಮುದ್ರ ದೇವರು ಕೊಟ್ಟದ್ದು, ನಮಗೆ ಹಿನ್ನೀರು ನಮ್ಮವರೇ ಕೊಟ್ಟದ್ದು ಎನ್ನುವುದು ಆ ಮೇಲಿನ ಮಾತು.

ಸೇತುವೆಗೆ ಶಂಕುಸ್ಥಾಪನೆಯಾದದ್ದು 2018ರಲ್ಲಿ. ಉದ್ಘಾಟನೆ 2025ರ ಜುಲೈ 14. ಉದ್ದ 2.44 ಕಿಲೋಮೀಟರ್, ಸಿಗಂದೂರು ಚೌಡೇಶ್ವರಿಯ ಹೆಸರು. ಮುಳುಗಡೆಯವರ ಕತೆಯನ್ನು ಬರೆದ ನಾ. ಡಿಸೋಜರು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು, ಆರು ತಿಂಗಳು. ಆ ಅಕ್ಟೋಬರಿನಲ್ಲಿ ನಾನು ಹೋದೆ. ಡ್ರೈವರ್ ಹುಡುಗನಿಗೆ ಇಪ್ಪತ್ತೆರಡಿರಬಹುದು, ಹಾಡು ಹಾಕಿಕೊಂಡು ಒಂದೇ ಸಮನೆ ಹೋಗುತ್ತಿದ್ದ. "ನಿಧಾನ ಹೋಗು ಮಾರಾಯ" ಎಂದೆ. "ಯಾಕೆ ಸಾರ್, ರೋಡು ಚೆನ್ನಾಗೇ ಇದೆಯಲ್ಲ" ಎಂದ. ಎಷ್ಟು ನಿಧಾನ ಎಂದರೂ ಮೂರು ನಿಮಿಷದಲ್ಲಿ ಆಚೆ. ಎಡಕ್ಕೆ ನೋಡುವಷ್ಟರಲ್ಲಿ ಬಲಗಡೆಯದು ಮುಗಿದಿತ್ತು. ಆರ್ಕ್‌ನಿಯ ವಿಮಾನಕ್ಕಿಂತ ಒಂದು ನಿಮಿಷ ಹೆಚ್ಚು.

ಅಮ್ಮನಿಗೆ ಈಗ ಎಪ್ಪತ್ತೊಂಬತ್ತು. ಒಬ್ಬಳೇ ಇರುತ್ತಾಳೆ, ಪಕ್ಕದ ಮನೆಯವರು ಬಂದು ನೋಡಿಕೊಳ್ಳುತ್ತಾರೆ. ಕ್ವೀನ್ಸ್‌ಬರಿಗೆ ಎರಡು ಸಲ ಬಂದಿದ್ದಳು. ಮೂರನೆಯ ತಿಂಗಳಿಗೆ, ಇಲ್ಲಿ ಎಲ್ಲ ಬಾಗಿಲೂ ಮುಚ್ಚಿಯೇ ಇರುತ್ತದೆ ಎಂದು ಹೊರಟು ನಿಂತಳು. ಅವಳು ಒಬ್ಬಳೇ ಹಿನ್ನೀರಿನ ಆಚೆ ಇರುವುದೇ ಹದಿನಾರು ವರ್ಷದಿಂದ ನಮ್ಮ ಮನೆಯ ಮುಗಿಯದ ಚರ್ಚೆಯಾಗಿತ್ತು. ಸಂಜೆ ಆರರ ಮೇಲೆ ಏನಾದರೂ ಆದರೆ ಎನ್ನುವುದು ನನ್ನ ಮಾತು. ಆದರೆ ಆಗಲಿ ಎನ್ನುವುದು ಅವಳ ಮಾತು. ಸೇತುವೆಯಾದ ಮೇಲೆ ಆ ಚರ್ಚೆಯಲ್ಲಿ ನಾನು ಸೋತಂತಾಯಿತು. ಇನ್ನು ಅವಳನ್ನು ಅಲ್ಲಿಂದ ಏಳಿಸಲು ನನ್ನ ಹತ್ತಿರ ಕಾರಣವಿಲ್ಲ.

"ಈಗ ಆರಾಮಾಯ್ತಲ್ಲಾ ಅಮ್ಮ?" ಎಂದು ಕೇಳಿದೆ.

"ಆರಾಮೇ. ರಾತ್ರೆ ನಿದ್ದೆ ಬರ್ತದೆ" ಎಂದಳು. ಆಮೇಲೆ ಅಕ್ಕಿ ಆರಿಸುತ್ತ, "ಆದರೆ ಊಟಕ್ಕೆ ಎಷ್ಟು ಜನ ಅಂತ ಮೊದಲೇ ಗೊತ್ತಾಗೂದಿಲ್ಲ. ಲಾಂಚ್ ಇದ್ದಾಗ ಹನ್ನೊಂದರದ್ದು ಬಂದ ಮೇಲೆ ಅಕ್ಕಿ ಹಾಕಿದರೆ ಆಗ್ತಿತ್ತು. ಈಗ ಎರಡು ಗಂಟೆಗೂ ಬರ್ತಾರೆ, ನಾಕು ಗಂಟೆಗೂ ಬರ್ತಾರೆ" ಎಂದಳು.

ಆರ್ಕ್‌ನಿಯ ಕತೆಯನ್ನು ಅವಳಿಗೆ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಅಂದು ಮತ್ತೆ ಹೇಳಿದೆ, ಪೈಲಟ್ಟಿನ ಹನ್ನೆರಡು ಸಾವಿರದ ಲೆಕ್ಕವನ್ನೂ ಸೇರಿಸಿ. ಅವಳು ಮೊರದಿಂದ ಮುಖ ಎತ್ತಲಿಲ್ಲ.

"ನಮ್ಮ ಲಾಂಚಿನವರು ಅದಕ್ಕಿಂತ ಹೆಚ್ಚು ಸಲ ದಾಟಿರ್ತಾರೆ. ಯಾರು ಬರೆದಿಟ್ಟಿದ್ದಾರೆ?"

ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆವು. ದಿನಕ್ಕೆ ಎಂಟೇ ಸಲ ಎಂದು ಹಿಡಿದೆ. ಹಬ್ಬ, ರಿಪೇರಿ, ನೀರಿಳಿದದ್ದು ಎಲ್ಲ ಕಳೆದು ವರ್ಷಕ್ಕೆ ಮುನ್ನೂರು ದಿನ. ಎರಡು ಸಾವಿರದ ನಾನೂರು. ಹನ್ನೆರಡು ಸಾವಿರಕ್ಕೆ ಐದು ವರ್ಷ ಸಾಕು. "ಎಂಟಲ್ಲ, ಹತ್ತು ಹಾಕು. ಜಾತ್ರೆಗೆ ಹದಿನೈದಾಗ್ತಿತ್ತು" ಎಂದಳು ಅಮ್ಮ. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಯಾರಿರಬಹುದು ಎಂದು ಇಬ್ಬರಿಗೂ ತಿಳಿಯಲಿಲ್ಲ. ಅವಳು ಇನ್ನೊಂದು ಸೇರು ಅಕ್ಕಿ ಅಳೆದು ಮೊರಕ್ಕೆ ಸುರಿದುಕೊಂಡಳು.